ಸತ್ತ ಬೆರಳು

ಭಜಂತ್ರಿ ಮಾಸ್ತರು ಏಳು ವರ್ಷದ ಮೇಲೆ ಮತ್ತೊಂದು ಸಿನಿಮಾಕ್ಕೆ ಸಂಗೀತ ಮಾಡಿದ್ದಾರೆ ಎಂಬ ಸುದ್ದಿ ನಮ್ಮೂರಿಗೆ ಬಂದದ್ದು ಒಂದು ಮಂಗಳವಾರ, ಪೋಸ್ಟರು ಅಂಟಿಸುವವನ ಸೈಕಲ್ಲಿನ ಮೇಲೆ. ಸಂಜೆಯಾಗುವುದರೊಳಗೆ ಊರಿನಲ್ಲಿ ಯಾರು ಯಾರ ಬೆರಳು ಹಿಡಿಯಬೇಕು ಎಂಬುದು ಅರ್ಧಕ್ಕರ್ಧ ತೀರ್ಮಾನವಾಗಿಬಿಟ್ಟಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ನಾನು ಕಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವತ್ತು ನನ್ನ ಗಿರಣಿಯ ಬಾಗಿಲನ್ನು ಎಂದಿಗಿಂತ ಒಂದು ತಾಸು ತಡವಾಗಿ ಹಾಕಿದೆ.

ನಮ್ಮೂರಿನಲ್ಲಿ ಹಾಡು ಒಬ್ಬರಿಗೇ ಕೇಳಿಸುವುದಿಲ್ಲ. ಮಾತು ಕೇಳಿಸುತ್ತದೆ, ಗಂಟೆ ಕೇಳಿಸುತ್ತದೆ, ಬಸ್ಸಿನ ಹಾರ್ನು, ನಾಯಿ ಬೊಗಳುವುದು ಎಲ್ಲ ಕೇಳಿಸುತ್ತವೆ. ಹಾಡಿಗೆ ಮಾತ್ರ ಇನ್ನೊಬ್ಬರ ಕಿರುಬೆರಳು ಬೇಕು. ಇಬ್ಬರು ಕಿರುಬೆರಳು ಕೊಕ್ಕೆ ಹಾಕಿ ಕುಳಿತರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಬಂದರೆ ಇಬ್ಬರಿಗೂ ಸಮವಾಗಿ ಬರಬೇಕು. ಒಬ್ಬರಿಗೆ ಬಾರದ್ದು ಇನ್ನೊಬ್ಬರಿಗೂ ಬರುವುದಿಲ್ಲ. ಬಚ್ಚಲಿನಲ್ಲಿ ಗುನುಗುವವರ ತುಟಿ ಸುಮ್ಮನೆ ಅಲುಗಾಡುತ್ತಿರುತ್ತದೆ. ತಾಯಂದಿರು ಕೂಸಿನ ಬೆರಳು ಹಿಡಿದುಕೊಂಡೇ ಜೋಗುಳ ಶುರು ಮಾಡುತ್ತಾರೆ. ಟಾಕೀಸಿನ ಮಾಳಿಗೆಯ ಮೇಲೆ ಆಟಕ್ಕೆ ಮುಂಚೆ ಸ್ಪೀಕರಿನಲ್ಲಿ ಹಾಡು ಹಾಕುತ್ತಾರೆ. ಒಂಟಿಯಾಗಿ ಹೋಗುವವರು ಅದರ ಕೆಳಗೆ ಸರಸರ ನಡೆದುಹೋಗುತ್ತಾರೆ, ಬೆರಳು ಹಿಡಿದು ಬಂದ ಜೋಡಿಗಳು ಮಾತ್ರ ಅಲ್ಲಿ ನಡಿಗೆ ನಿಧಾನ ಮಾಡುತ್ತವೆ.

ಮದುವೆಯಲ್ಲಿ ಬೀಗರು ಬೆರಳು ಹಿಡಿದು ಒಂದು ಹಾಡು ಕೇಳಿದ ಮೇಲೆಯೇ ಊಟಕ್ಕೆ ಕೂರುವುದು. ಹಾಡು ಬಂತೆಂದರೆ ಸಂಬಂಧ ಕೂಡಿತು ಎಂದು ಲೆಕ್ಕ. ಬಾರದಿದ್ದರೆ ಇಬ್ಬರಲ್ಲಿ ಒಬ್ಬರ ಮನಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲ. ಅಂಥವರ ಬೆರಳಿಗೆ ನಮ್ಮಲ್ಲಿ 'ಸತ್ತ ಬೆರಳು' ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮೂರಿನಲ್ಲಿ ಇಲ್ಲ. ಕೋರ್ಟು ಕಚೇರಿ ಹತ್ತಿ ಬಡಿದಾಡಿಕೊಂಡ ಅಣ್ಣತಮ್ಮಂದಿರು ಕೂಡ ಆ ಮಾತನ್ನು ಬಾಯಿಂದ ಆಡುವುದಿಲ್ಲ.

ನನ್ನ ಹೆಸರು ಶಂಕ್ರೆಪ್ಪ. ಹಿಟ್ಟಿನ ಗಿರಣಿ ಇಟ್ಟು ಮೂವತ್ತೈದು ವರ್ಷ ಆಯಿತು. ಮದುವೆ ಆಗಲಿಲ್ಲ, ಯಾಕೆ ಎಂದರೆ ಅದೊಂದು ದೊಡ್ಡ ಪುರಾಣವೇನಲ್ಲ, ಮಾಡುವವರು ಮಾಡಲಿಲ್ಲ, ನಾನೂ ಬಿಟ್ಟೆ. ಮೂಗಿನ ಮೇಲೆ ಕೋಪ ಎಂದು ಊರವರು ಹೇಳುತ್ತಾರೆ. ಇರಬಹುದು. ಭಜಂತ್ರಿ ಮಾಸ್ತರ ಅಭಿಮಾನಿಗಳು ಸೇರುವುದು ನನ್ನ ಗಿರಣಿಯ ಕಟ್ಟೆಯ ಮೇಲೆಯೇ. ಬೀಸಲು ಜೋಳ ತಂದವರು, ತಂದಂತೆ ಮಾಡಿದವರು, ಒಟ್ಟು ಏಳೆಂಟು ಮಂದಿ. ಗಿರಣಿಯ ಸದ್ದಿನಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಕೂಗಿಯೇ ಮಾತಾಡಬೇಕು. ಹೊರಗೆ ಹೋಗುವವರಿಗೆ ಒಳಗೆ ಜಗಳ ನಡೆದಿದೆ ಅನ್ನಿಸುತ್ತದೆ.

"ಕಾಕಾ, ಈ ಸಲ ಬರೇ ಐದ ವಾದ್ಯ ಅಂತ್ರೀ! ಬರೇ ಐದು!" ಎಂದು ಅಂಚೆಯ ಮುತ್ತಣ್ಣ ಕೂಗಿದ. ಬಳಗದಲ್ಲಿ ಅವನೇ ಕಿರಿಯ, ಕಾಗದ ಹಂಚುವ ಚೀಲ ಹೆಗಲಲ್ಲೇ ಇರುತ್ತದೆ.

"ಐದ್ಯಾಕ? ಮಾಸ್ತರಿಗೆ ಎರಡ ಸಾಕು," ನಾನೂ ಕೂಗಿದೆ.

"ಸಿನಿಮಾ ಬರೋತನಕ ಒಂದ ಹಾಡೂ ಹೊರಗ ಬಿಡಬ್ಯಾಡ್ರಿ ಅಂತ ಕರಾರು ಮಾಡ್ಯಾರಂತ. ರೇಡಿಯೋದಾಗ ಇಲ್ಲ, ಕ್ಯಾಸೆಟ್ಟಿನ್ಯಾಗ ಇಲ್ಲ."

"ಮತ್ತ ಐದ ವಾದ್ಯ ಅಂತ ನಿನಗ ಯಾರು ಹೇಳಿದ್ರು?"

ಮುತ್ತಣ್ಣ ಸ್ವಲ್ಪ ಯೋಚಿಸಿ, "ಯಾರೋ ಹೇಳಿದ್ರು ನೋಡ್ರಿ," ಎಂದ. ಎಲ್ಲರೂ ನಕ್ಕರು. ಆದರೆ ಮರುದಿನದಿಂದ ಐದು ವಾದ್ಯ ಯಾವುವು ಎಂದು ವಾದ ಶುರುವಾಯಿತು. ಶಹನಾಯಿ ಇರಲೇಬೇಕು ಎಂದು ಒಬ್ಬ. ಮಾಸ್ತರ ತಂದೆ ಮದುವೆ ಮನೆಗಳಲ್ಲಿ ಶಹನಾಯಿ ಊದುತ್ತಿದ್ದರು, ಅವರ ಹೆಸರು ಉಳಿಸದೆ ಬಿಡುತ್ತಾರೆಯೇ ಎಂದು ಅವನ ತರ್ಕ. ಮೊದಲ ಹಾಡು ವಾದ್ಯವೇ ಇಲ್ಲದೆ ಬರೀ ದನಿಯಿಂದ ಶುರುವಾಗುತ್ತದೆ ಎಂದು ಇನ್ನೊಬ್ಬನಿಗೆ ಕನಸು ಬಿದ್ದಿತ್ತಂತೆ. ಅವನ ಕನಸನ್ನೂ ನಾವು ಎರಡು ದಿನ ಚರ್ಚೆ ಮಾಡಿದೆವು. ಸಿನಿಮಾದ ಹೆಸರು 'ಮೂರನೇ ಮೈಲಿಗಲ್ಲು'. ನಾಯಕ ಯಾರು, ಕಥೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೋಸ್ಟರಿನಲ್ಲಿ ನಾಯಕನ ಕೊರಳಿಗೆ ಬೀಳಬೇಕಾದ ಹಾರವನ್ನು ನಮ್ಮವರು ಕೆಳಗೆ ಸಣ್ಣಕ್ಷರದಲ್ಲಿದ್ದ 'ಸಂಗೀತ: ವೈ. ಭಜಂತ್ರಿ' ಎಂಬ ಸಾಲಿಗೆ ಮೊಳೆ ಹೊಡೆದು ಹಾಕಿದ್ದರು. ಕ್ಷೌರದಂಗಡಿಯಲ್ಲಿ ಗಂಡಸರು ಕಿರುಬೆರಳಿನ ಉಗುರು ತೆಗೆಸಿಕೊಂಡರು. ಹೆಂಗಸರು ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡರು. ಬೆರಳು ಬಾಗಿಲಿಗೆ ಸಿಕ್ಕಿ ಊದಿಕೊಂಡಿದ್ದ ಕಿರಾಣಿ ಅಂಗಡಿಯವನನ್ನು ಮನೆಗೆ ಹೋಗಿ ಮಾತಾಡಿಸಿ ಬಂದೆವು.

ಈ ಗದ್ದಲದಲ್ಲಿ ಎಲ್ಲರಂತೆ ನಾನೂ ಕೂಗಾಡುತ್ತಿದ್ದೆ. ಬಾಗಿಲು ಹಾಕಿಕೊಂಡು ಮನೆಗೆ ನಡೆಯುವಾಗ ಮಾತ್ರ ನನ್ನ ಬೆರಳು ನೆನಪಾಗುತ್ತಿತ್ತು. ಏಳು ವರ್ಷದಿಂದ ಅದನ್ನು ಯಾರೂ ಹಿಡಿದಿರಲಿಲ್ಲ.

ಅದಕ್ಕೂ ಮುಂಚೆ ಮೂವತ್ತು ವರ್ಷ ನನ್ನ ಬೆರಳು ದಾವಲ್‌ಸಾಬನಿಗೆ ಮೀಸಲಾಗಿತ್ತು. ದಾವಲ್‌ಸಾಬ ನದಾಫರವನು, ಗಾದಿ ಹೊಲಿಯುವವನು. ಅವನ ಅಂಗಡಿ ಗಿರಣಿಯಿಂದ ಮೂರನೆಯ ಓಣಿಯಲ್ಲಿದೆ. ನನ್ನ ಮೈತುಂಬ ಹಿಟ್ಟು, ಅವನ ಮೈತುಂಬ ಅರಳೆ. ಇಬ್ಬರೂ ಟಾಕೀಸಿಗೆ ಹೊರಟರೆ ಬಿಳಿ ದೆವ್ವಗಳು ಬಂದವು ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಭಜಂತ್ರಿ ಮಾಸ್ತರ ಮೊದಲ ಸಿನಿಮಾದಿಂದ ಹಿಡಿದು ಹನ್ನೆರಡನೆಯದರವರೆಗೆ ನಾವು ಕೂಡಿಯೇ ಕೇಳಿದ್ದು. ಪಲ್ಲವಿಗೂ ಚರಣಕ್ಕೂ ನಡುವಿನ ಸಂಗೀತ ಹೇಗೆ ಬರುತ್ತದೆ ಎಂದು ಮೊದಲೇ ಹೇಳುವುದು ದಾವಲ್‌ಸಾಬನ ಚಟ. "ನೋಡ್ತಿರು, ಈಗ ಪಿಟೀಲು ಮ್ಯಾಲಿಂದ ಇಳೀತೈತಿ," ಎನ್ನುತ್ತಿದ್ದ. ಇಳಿಯುತ್ತಿತ್ತು. ಇಳಿಯದಿದ್ದರೆ ಮಾಸ್ತರದ್ದೇ ತಪ್ಪು ಎಂದು ವಾದಿಸುತ್ತಿದ್ದ. ಹಾಡು ಕೇಳಿದ ದಿನ ನಾವಿಬ್ಬರೂ ಅದರ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಗಿರಣಿಗೆ ಬಂದು ಕಟ್ಟೆಯ ಮೇಲೆ ಕುಳಿತ ಮೇಲೆ ಶುರುವಾದರೆ ಮಧ್ಯಾಹ್ನದ ಊಟದವರೆಗೆ ಅದೇ ಮಾತು.

ಹನ್ನೆರಡನೆಯ ಸಿನಿಮಾದ ದಿನ ಮೊದಲ ಹಾಡು ತೆಳ್ಳಗೆ ಬಂತು. ಎರಡನೆಯದು ಬಿಟ್ಟು ಬಿಟ್ಟು ಬಂತು. ಮೂರನೆಯದಕ್ಕೆ ನಾಯಕಿ ಬಾವಿಕಟ್ಟೆಯ ಮೇಲೆ ಕುಳಿತು ಬಾಯಿ ತೆರೆದಳು, ಏನೂ ಬರಲಿಲ್ಲ. ನಾನು ಬೆರಳು ಬಿಗಿ ಮಾಡಿದೆ. ದಾವಲ್‌ಸಾಬನೂ ಬಿಗಿ ಮಾಡಿದ. ಮುಂದಿನ ಸಾಲಿನಲ್ಲಿ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ನಮ್ಮಿಬ್ಬರಿಗೆ ಆ ಹುಡುಗಿಯ ಹಲ್ಲು ಮಾತ್ರ ಕಾಣುತ್ತಿದೆ. ಆ ದಿನಗಳಲ್ಲಿ ಅವನ ಮಗಳ ಮದುವೆ ಗೊತ್ತಾಗಿತ್ತು. ಅವನು ಗಿರಣಿಗೆ ಬರುವುದು ಕಡಿಮೆಯಾಗಿತ್ತು, ಬಂದರೂ ಅರ್ಧ ಮಾತಿಗೇ ಎದ್ದು ಹೋಗುತ್ತಿದ್ದ. ನಾನು ಎಲ್ಲವನ್ನೂ ಕೂಡಿಸಿ ಗುಣಿಸಿದೆ. ಇವನಿಗೆ ಈಗ ಬೀಗರು ಸಿಕ್ಕಿದ್ದಾರೆ, ಅಳಿಯ ಸಿಕ್ಕಿದ್ದಾನೆ, ಶಂಕ್ರೆಪ್ಪ ಯಾರಿಗೆ ಬೇಕು ಎಂದುಕೊಂಡೆ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದ ಕೂಡಲೇ ಎದ್ದು ನಿಂತೆ.

"ಈ ದಾವಲ್‌ಸಾಬನ ಬೆರಳು ಸತ್ತೈತಿ ನೋಡ್ರಿ!" ಎಂದು ಇಡೀ ಟಾಕೀಸಿಗೆ ಕೇಳುವಂತೆ ಕೂಗಿದೆ. "ಇವನ ಮನಸ್ಸಿನ್ಯಾಗ ನಾ ಇಲ್ಲ!"

ಅವನು ತನ್ನ ಕಿರುಬೆರಳನ್ನೇ ನೋಡುತ್ತ ಕುಳಿತಿದ್ದ. ನಾನು ಹೊರಗೆ ಬಂದೆ. ಅದೇ ಕೊನೆ. ಮುಂದಿನ ತಿಂಗಳು ಮಗಳ ಮದುವೆಯಲ್ಲಿ ಬೀಗರ ಬೆರಳು ಹಿಡಿಯಲು ಅವನು ಮುಂದೆ ಬರಲಿಲ್ಲ, ತಮ್ಮನನ್ನು ಕಳಿಸಿದ ಎಂದು ಯಾರೋ ಬಂದು ಹೇಳಿದರು. ಕಳ್ಳನ ಮನಸ್ಸು ಹುಳ್ಳಗಾಗಿರಬೇಕು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ನಾನು ಯಾರ ಬೆರಳನ್ನೂ ಹಿಡಿಯಲಿಲ್ಲ. ಸಿನಿಮಾಕ್ಕೆ ಹೋಗಿ ತುಟಿಗಳನ್ನು ನೋಡಿ ಬರುತ್ತಿದ್ದೆ.

ಆದರೆ ಈಗ ಬಂದಿರುವುದು ಭಜಂತ್ರಿ ಮಾಸ್ತರ ಸಿನಿಮಾ. ಇದನ್ನು ಕೇಳದೆ ಇರುವುದು ನನ್ನಿಂದ ಆಗದ ಮಾತು. ಬಿಡುಗಡೆಗೆ ನಾಲ್ಕು ದಿನ ಇರುವಾಗ ಮುತ್ತಣ್ಣನೇ ಬಾಯಿ ಬಿಟ್ಟ. ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು.

"ಕಾಕಾ, ನೀವು ತಪ್ಪು ತಿಳೀಲಿಲ್ಲಂದ್ರ ನಾವಿಬ್ರೂ ಹಿಡಿಯೋಣೇನ್ರೀ?"

"ನೋಡೋಣ ಬಿಡು," ಎಂದೆ ನಾನು, ಮಹಾ ದೊಡ್ಡ ಮನುಷ್ಯನಂತೆ. ಮಾತು ಮುಗಿಯುವುದರೊಳಗೇ ಕಿರುಬೆರಳಿನ ಹಿಟ್ಟು ಒರೆಸಿಕೊಳ್ಳುತ್ತಿದ್ದೆ.

ಬೆರಳು ಪಳಗಲಿ ಎಂದು ಚಹಾದಂಗಡಿಗೆ ಹೋಗಿ ಮಾಸ್ತರ ಹಳೆಯ ಕ್ಯಾಸೆಟ್ಟು ಹಾಕಿಸಿದೆವು. ಬೆರಳು ಕೊಕ್ಕೆ ಹಾಕಿದೆವು. ಕ್ಯಾಸೆಟ್ಟು ತಿರುಗಿತು. ಪಕ್ಕದ ಬೆಂಚಿನ ಗಂಡಹೆಂಡತಿ ಬೆರಳು ಹಿಡಿದು ತಲೆದೂಗುತ್ತಿದ್ದರು. ನಮಗೆ ಏನೂ ಇಲ್ಲ. ಮುತ್ತಣ್ಣ ಬೆರಳು ಬಿಟ್ಟು ಒರೆಸಿಕೊಂಡು ಮತ್ತೆ ಹಿಡಿದ. ಅವನ ಮುಖ ಬಿಳಿಚಿಕೊಂಡಿತು.

"ಕಾಕಾ, ದೇವರಾಣಿ ನನ್ನ ಮನಸ್ಸಿನ್ಯಾಗ ನಿಮ್ಮ ಮ್ಯಾಲೆ ಏನೂ ಇಲ್ರೀ."

"ಗೊತ್ತಾತು ಬಿಡು," ಎಂದು ಎದ್ದುಬಂದೆ. ಕುಡಿಯದ ಚಹಾ ಅಲ್ಲೇ ಉಳಿಯಿತು.

ಮರುದಿನ ನನ್ನ ತಂಗಿ ನೀಲವ್ವನ ಮನೆಗೆ ಹೋದೆ. ಅವಳನ್ನು ಕೊಟ್ಟಿರುವುದು ಇದೇ ಊರಿನ ಕೆಳಗೇರಿಗೆ. ಒಡಹುಟ್ಟಿದವಳ ಬೆರಳು ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ ನನಗೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈ ತೊಳೆದುಕೊಂಡು ಬಂದು, ನನ್ನ ಬೆರಳಿಗೆ ಬೆರಳು ಸೇರಿಸಿದಳು. ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಹಾಡನ್ನು ತಾನೇ ಎತ್ತಿಕೊಂಡಳು. ಬಾಯಿ ತೆರೆಯಿತು, ಕೊರಳಿನ ನರ ಉಬ್ಬಿತು. ನನಗೂ ಇಲ್ಲ, ಅವಳಿಗೂ ಇಲ್ಲ. ಎರಡನೆಯ ಸಾಲಿಗೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಳತೊಡಗಿದಳು.

"ಅಣ್ಣಾ, ನಾ ನಿನಗ ಏನ ಕಮ್ಮಿ ಮಾಡೀನೋ? ನನ್ನ ಮನಸ್ಸಿಗೆ ಏನಾತೋ?"

ಅವಳ ತಲೆ ಮೇಲೆ ಒಂದು ಕೈ ಇಡಬಹುದಿತ್ತು. ಇಡಲಿಲ್ಲ. ರೊಟ್ಟಿ ತಿಂದು ಹೋಗು ಎಂದದ್ದಕ್ಕೂ ನಿಲ್ಲದೆ ಹೊರಟೆ. ಸ್ವಂತ ತಂಗಿಯೂ ನನ್ನನ್ನು ಬಿಟ್ಟಳು ಎಂಬ ಸಿಟ್ಟಿನಲ್ಲಿ ಕೆಳಗೇರಿಯಿಂದ ಮೇಲಿನ ಓಣಿಯವರೆಗೆ ಯಾರ ಮುಖವನ್ನೂ ನೋಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕುಳಿತಾಗ ಸಿಟ್ಟು ಇಳಿಯಿತು. ಈ ಊರಿನಲ್ಲಿ ಯಾರ ಮನಸ್ಸಿನಲ್ಲಿಯೂ ನಾನು ಇಲ್ಲ ಎಂಬುದು ಅಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಕಂಡಿರಲಿಲ್ಲ. ಅತ್ತೆ. ಐವತ್ತೊಂಬತ್ತು ವರ್ಷದ ಗಂಡಸು ಹಿಟ್ಟಿನ ಅಂಗಿಯಲ್ಲಿ ಕುಳಿತು ಅತ್ತೆ.

ಉಳಿದದ್ದು ಬೆರಳಿನ ಫಕೀರವ್ವ. ಒಂಟಿಯಾಗಿ ಸಿನಿಮಾಕ್ಕೆ ಬರುವವರಿಗೆ ಬೆರಳು ಕೊಡುವ ಮುದುಕಿ ಅವಳು. ಪ್ರತಿ ಆಟಕ್ಕೂ ಸಾಲಿನ ತುದಿಯ ಒಂದು ಕುರ್ಚಿಯನ್ನು ಟಾಕೀಸಿನವರು ಅವಳಿಗೆಂದೇ ಬಿಟ್ಟಿದ್ದಾರೆ. ಬದಿಯಲ್ಲಿ ಬಂದು ಕೂತವರು ಅವಳ ಉಡಿಗೆ ಎರಡು ಬಾಳೆಹಣ್ಣೋ ಒಂದು ಕವಳೆ ವೀಳ್ಯದೆಲೆಯೋ ಹಾಕುತ್ತಾರೆ, ಅವಳು ಅಡಿಕೆ ಜಗಿಯುತ್ತ ಬೆರಳು ಚಾಚುತ್ತಾಳೆ. ಊರಿಗೆ ಹೊಸಬರು, ವರ್ಗವಾಗಿ ಬಂದ ಪೊಲೀಸರು, ಮನೆಯಲ್ಲಿ ಜಗಳ ಮಾಡಿಕೊಂಡವರು ಅವಳ ಗಿರಾಕಿಗಳು. ಅವಳ ಪಕ್ಕ ಕೂರುವುದೆಂದರೆ ನನಗೆ ಯಾರೂ ಇಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಏಳು ವರ್ಷ ನಾನು ಅವಳಿದ್ದ ಸಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಟಾಕೀಸಿನ ಮೆಟ್ಟಿಲಿಗೆ ಹೋದೆ. ಮೇಲೆ ಸ್ಪೀಕರಿನಲ್ಲಿ ಏನೋ ಹಾಡು ಹಾಕಿದ್ದರು. ಎದುರಿನ ಜೋಡಿಗಳ ನಡಿಗೆ ನೋಡಿದರೆ ತಿಳಿಯುತ್ತಿತ್ತು. ಫಕೀರವ್ವ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದಳು. ಏನೂ ಹೇಳದೆ ಎಲೆಅಡಿಕೆ ಅವಳ ಉಡಿಗೆ ಹಾಕಿ ಬೆರಳು ಚಾಚಿದೆ. ಹಿಡಿದಳು. ಜಗಿಯುವುದನ್ನು ನಿಲ್ಲಿಸಿದಳು. ಬಿಟ್ಟು, ಗೇಟಿನವನನ್ನು ಕರೆದು ಅವನ ಬೆರಳು ಹಿಡಿದಳು, ತಲೆಯಾಡಿಸಿದಳು. ಮತ್ತೆ ನನ್ನದು ಹಿಡಿದು ಬಿಟ್ಟಳು.

"ನಿನಗೂ ನನ್ನ ಕಂಡ್ರ ಆಗೂದಿಲ್ಲೇನು?" ಎಂದೆ.

ಫಕೀರವ್ವ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡು, ನನಗೆ ತಿಳಿಯುವ ಹಾಗೆ ಜೋರಾಗಿ ಹೇಳಿದಳು. "ಕುಡುಕರ ಬೆರಳು ಹಿಡದೀನಿ, ಕಳ್ಳರದು ಹಿಡದೀನಿ, ನನ್ನ ಸವತೀ ಬೆರಳು ಹಿಡದೀನಿ. ಎಲ್ಲಾರಿಗೂ ಹಾಡು ಬಂದೈತಿ. ಮನಸ್ಸಂತ ಮನಸ್ಸು! ಸವತಿ ಮ್ಯಾಲೆ ನನಗ ಮನಸ್ಸಿತ್ತೇನು? ಆ ಕಡೆ ಮುಖ ಮಾಡಿ ನಿಂದ್ರು."

ಬೀದಿಯ ಕಡೆ ಮುಖ ಮಾಡಿ ನಿಂತೆ. ಎಷ್ಟು ಹೊತ್ತು ನಿಲ್ಲುವುದು? ಬೇಸರವಾಗಿ ತಿರುಗಿದೆ. "ಏನ ಮಾಡ್ತೀ ಲಗೂನ ಮಾಡು ಮಾರಾಯ್ತಿ."

ಅವಳು ಬಳೆ ತುಂಬಿದ ಕೈಯನ್ನು ಎತ್ತಿ ಹಿಡಿದುಕೊಂಡೇ ಕುಳಿತಿದ್ದಳು. "ಮಾಡಿ ಮುಗಿಸೀನಿ. ಮೂರ ಸಲ ನಿನ್ನ ಬೆನ್ನ ಹಿಂದ ಬಳಿ ಬಾರಿಸೀನಿ. ಎರಡ ಸಲ ಹೆಸರ ಹಿಡದು ಕರದೀನಿ. ಗಿರಣಿ ನಿನ್ನ ಕಿವಿ ತಿಂದೈತಿ ತಮ್ಮಾ. ನಿನಗ ಯಾರೂ ಹೇಳಿಲ್ಲೇನು?"

ಯಾರು ಹೇಳಬೇಕು? ಗಿರಣಿಯಲ್ಲಿ ಎಲ್ಲರೂ ನನ್ನ ಹತ್ತಿರ ಕೂಗಿಯೇ ಮಾತಾಡುವವರು. ಬೀದಿಯಲ್ಲಿ ಸಿಕ್ಕರೂ ಅದೇ ರೂಢಿಯಿಂದ ಕೂಗುತ್ತಾರೆ, ನಾನು ಅವರ ತುಟಿ ನೋಡಿ ಉತ್ತರ ಕೊಡುತ್ತೇನೆ. ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಮೊದಲು ಹೊಳೆದದ್ದು ಮಾಸ್ತರ ಹೊಸ ಹಾಡುಗಳು ನನಗೆ ಇನ್ನು ಯಾರ ಬೆರಳಿನಿಂದಲೂ ಬರುವುದಿಲ್ಲ ಎಂಬುದು, ಇದನ್ನು ಮುಚ್ಚಿಟ್ಟು ಏನು ಮಾಡಲಿ. ನೀಲವ್ವನ ಅಳು ಅದರ ಹಿಂದೆ ಬಂತು. ದಾವಲ್‌ಸಾಬ ತನ್ನ ಕಿರುಬೆರಳು ನೋಡುತ್ತ ಕುಳಿತದ್ದು ಎಲ್ಲಕ್ಕಿಂತ ಕೊನೆಗೆ ನೆನಪಾಯಿತು. ಆಮೇಲೆ ಅದೊಂದೇ ಉಳಿಯಿತು.

ತಂಗಿಯ ಮನೆಗೆ ಹೋಗಿ ವಿಷಯ ಹೇಳಿದೆ. ಅವಳು ನಕ್ಕಳು, ಅತ್ತಳು, ನನ್ನ ಕಿವಿ ಹಿಡಿದು ಜಗ್ಗಿ ಮತ್ತೆ ಅತ್ತಳು. ಅಲ್ಲಿಂದ ನೇರ ದಾವಲ್‌ಸಾಬನ ಅಂಗಡಿಗೆ ನಡೆದೆ. ಅವನು ಅರಳೆ ತುಂಬಿದ ಗಾದಿಯ ಮೇಲೆ ಕುಳಿತು ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು, ಅರಳೆ ಯಾವುದು ಗಡ್ಡ ಯಾವುದು ತಿಳಿಯುವಂತಿರಲಿಲ್ಲ.

"ದಾವಲ್ಯಾ," ಎಂದೆ.

ತಲೆ ಎತ್ತಿ ನೋಡಿ, ಮತ್ತೆ ದಬ್ಬಣ ಚುಚ್ಚಿದ.

"ನಿನ್ನ ಬೆರಳು ಸತ್ತಿಲ್ಲೋ. ಸತ್ತಿದ್ದು ನನ್ನ ಕಿವಿ."

ಮುತ್ತಣ್ಣ, ನೀಲವ್ವ, ಫಕೀರವ್ವನ ಬಳೆ, ಎಲ್ಲವನ್ನೂ ಹೊಸ್ತಿಲಲ್ಲಿ ನಿಂತೇ ಹೇಳಿದೆ. ಅವನು ಕೈ ನಿಲ್ಲಿಸಿ ಕೇಳಿದ. ಮುಗಿದ ಮೇಲೆ ತಲೆ ತಗ್ಗಿಸಿ ಅರಳೆಗೆ ಹೇಳುವವನಂತೆ ಏನೋ ಹೇಳಿದ. ಗಡ್ಡ ಅಲುಗಾಡಿದ್ದಷ್ಟೇ ಕಂಡಿತು.

"ಜೋರಾಗಿ ಹೇಳೋ, ಕೇಳವಲ್ದು."

ದಾವಲ್‌ಸಾಬ ಎದ್ದು ಬಂದ. ಅವನು ಸಿಟ್ಟಿನಿಂದ ದನಿ ಏರಿಸಿದ್ದನ್ನು ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

"ಏಳು ವರ್ಷ ಶಂಕ್ರೂ! ಮಗಳ ಮದುವ್ಯಾಗ ಬೀಗರಿಗೆ ಬೆರಳು ಕೊಡಲಿಲ್ಲ ನಾ. ಕೊಟ್ಟು, ಹಾಡು ಬರದಿದ್ರ ಅಕೀ ಬಾಳೇವು ಏನಾಗಬೇಕು? ಮೊಮ್ಮಗಳಿಗೆ ನಾಕು ತುಂಬೈತಿ. ಒಂದ ಸಲಾನೂ ಅದರ ಬೆರಳು ಹಿಡದು ಜೋಗುಳ ಹಾಡಿಲ್ಲ. ನಿಮ್ಮಜ್ಜನ ಮನಸ್ಸಿನ್ಯಾಗ ನೀ ಇಲ್ಲವಾ ಅಂತ ಆ ಕೂಸಿಗೆ ಹೇಳಲೇನು? ನೀ ಹೇಳಿದ್ದು ಖರೇ ಅಂತ ನಂಬಿದೆ ನಾ. ನನಗ ಗೊತ್ತಿಲ್ಲದ ನನ್ನ ಮನಸ್ಸು ಒಣಗೈತಿ, ಶಂಕ್ರೂಗ ಗೊತ್ತಾಗೈತಿ ಅಂತ ತಿಳಕೊಂಡೆ."

"ತಪ್ಪಾತು," ಎಂದೆ.

ಅವನು ಗೋಡೆಗೆ ಒರಗಿ ನಿಂತ.

"ನಾಳೆ ಹನ್ನೊಂದರ ಆಟ," ಎಂದೆ. "ಫಕೀರವ್ವನ ಬಾಜೂಕ ನಿನಗ ಜಾಗಾ ಹಿಡದೀನಿ. ಅಕೀ ಬೆರಳು ಹಿಡಿ. ನಿನಗ ಹಾಡು ಬರ್ತೈತಿ."

"ಮತ್ತ ನೀ?"

"ನಾನೂ ಬರ್ತೀನಿ. ಸುಮ್ನ ಕುಂದ್ರಾಕ."

ಅವನು ಗೋಡೆಯ ಕಡೆ ತಿರುಗಿ ಮತ್ತೇನೋ ಹೇಳಿದ. ಈ ಸಲ ಜೋರಾಗಿ ಹೇಳು ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ಬೈಗುಳವೋ ಬೇರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಟಾಕೀಸಿನ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಬಳಗದವರು ಒಗೆದ ಅಂಗಿ ಹಾಕಿ, ಬೆರಳು ಕೊಕ್ಕೆ ಹಾಕಿಕೊಂಡೇ ಸಾಲಿನಲ್ಲಿ ನಿಂತಿದ್ದರು, ಬಿಟ್ಟರೆ ಯಾರಾದರೂ ಎಗರಿಸಿಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಮುತ್ತಣ್ಣ ತನ್ನ ಅಂಚೆ ಕಚೇರಿಯ ಗುಮಾಸ್ತರ ಬೆರಳು ಹಿಡಿದಿದ್ದ. ನನ್ನನ್ನು ಕಂಡು ಮುಖ ತಗ್ಗಿಸಿದ. ಹತ್ತಿರ ಹೋಗಿ ಕಿವಿಯ ಸಂಗತಿ ಹೇಳಿದೆ. ಅವನ ಮುಖ ಅರಳಿತು. ನನಗೆ ಕಿವಿ ಹೋದದ್ದಕ್ಕೆ ಆ ದಿನ ಸಂತೋಷಪಟ್ಟವನು ಅವನೊಬ್ಬನೇ.

ಮೊದಲ ಗಂಟೆ ಹೊಡೆದರೂ ದಾವಲ್‌ಸಾಬ ಬರಲಿಲ್ಲ. ಎರಡನೆಯ ಗಂಟೆಗೆ ದೀಪ ಆರುವ ಹೊತ್ತಿಗೆ ಬಂದ. ಬಿಳಿ ಅಂಗಿ, ತಲೆಗೆ ಟೋಪಿ, ಕಿರುಬೆರಳಿನ ಉಗುರು ತೆಗೆಸಿದ್ದ. ಫಕೀರವ್ವ ಅವನನ್ನು ತನ್ನ ಬದಿಗೆ ಕೂರಿಸಿಕೊಂಡಳು. ಅವನ ಇನ್ನೊಂದು ಬದಿಗೆ ನಾನು. ಅವಳು ಅವನ ಮುಂದೆ ಬಾಗಿ ನನ್ನ ಕಿವಿಯಲ್ಲಿ ಕೂಗಿದಳು: "ನೀ ಮಾತ್ರ ಇವನ್ನ ಮುಟ್ಟಬ್ಯಾಡ ಮತ್ತ. ನೀ ಮುಟ್ಟಿದ್ರ ನಮ್ಮಿಬ್ಬರದೂ ಹೋಗ್ತೈತಿ."

ದಾವಲ್‌ಸಾಬ ಬೆರಳು ಕೊಡಲು ಹಿಂದೆಗೆದ. ಮಡಿಲಲ್ಲಿ ಮುಚ್ಚಿಟ್ಟುಕೊಂಡ. ಫಕೀರವ್ವ ಕೈ ಹಾಕಿ ಎಳೆದು ಕೊಕ್ಕೆ ಹಾಕಿದಳು.

ಪರದೆಯ ಮೇಲೆ ಒಂದು ಧೂಳು ದಾರಿ, ಒಂದು ಮೈಲಿಗಲ್ಲು. ಅದರ ಪಕ್ಕ ಒಬ್ಬ ಹೆಂಗಸು ತಲೆಯ ಮೇಲಿನ ಬುಟ್ಟಿ ಇಳಿಸಿ ಕುಳಿತಳು. ಅವಳ ತುಟಿ ತೆರೆಯಿತು. ಇಡೀ ಟಾಕೀಸು ಒಮ್ಮೆಲೇ ಮುಂದಕ್ಕೆ ಬಾಗಿತು. ನಾನು ಪರದೆ ನೋಡಲಿಲ್ಲ, ದಾವಲ್‌ಸಾಬನ ಮುಖ ನೋಡುತ್ತಿದ್ದೆ. ಅವನ ಬಾಯಿ ಸ್ವಲ್ಪ ತೆರೆಯಿತು. ಕಣ್ಣು ದೊಡ್ಡವಾದವು. ತನ್ನ ಬಲಗೈಯ ಕಿರುಬೆರಳನ್ನು ನೋಡಿಕೊಂಡ, ಪರದೆ ನೋಡಿದ, ಮತ್ತೆ ಬೆರಳು ನೋಡಿಕೊಂಡ. ಆಮೇಲೆ ಮುಖವನ್ನು ನನ್ನ ಕಿವಿಯ ಹತ್ತಿರ ತಂದು, ತಾಗದಂತೆ ಜಾಗ್ರತೆಯಿಂದ ನಿಲ್ಲಿಸಿ ಕೂಗಿದ.

"ವಾದ್ಯ ಇಲ್ಲ ಶಂಕ್ರೂ! ಬರೇ ದನಿ! ಅಕೀ ಒಬ್ಬಾಕಿನ ಹಾಡ್ಲಿಕತ್ತಾಳ!"

ಹಿಂದಿನಿಂದ ಯಾರೋ ಅವನ ಕುರ್ಚಿ ಒದ್ದರು.

"ಈಗ ತಂಬೂರಿ ಬಂತು! ದೂರದಿಂದ ಬರ್ಲಿಕತ್ತೈತಿ, ಯಾರೋ ನಡಕೋತ ಬಂದಂಗ!"

"ಏ ಮುದುಕಾ, ಬಾಯಿ ಮುಚ್ಚೋ!" ಎಂದು ನಾಲ್ಕು ಕಡೆಯಿಂದ ಕೂಗಿದ್ದು ನನಗೂ ಗೊತ್ತಾಯಿತು. ದಾವಲ್‌ಸಾಬ ಲಕ್ಷ್ಯ ಕೊಡಲಿಲ್ಲ. ಶಹನಾಯಿ ಎಂದ. ಮೇಲೆ ಹೋಗುತ್ತದೆ ಅನ್ನುವಷ್ಟರಲ್ಲಿ ಹಿಂದಕ್ಕೆ ಬಂತು ಎಂದ. ಮಾಸ್ತರು ನನಗೆ ಮೋಸ ಮಾಡಿದರು ಎಂದು ನಕ್ಕ. ಅವನ ಉಸಿರು, ಉಗುಳು ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಾನು ತಲೆದೂಗುತ್ತಿದ್ದೆ. ಕೇಳಿದ ಹಾಗೆಯೇ ಇತ್ತು ಎಂದು ಹೇಳಲಾರೆ, ಹಾಗೆ ಇರಲಿಲ್ಲ.

ಎರಡನೆಯ ಚರಣ ಶುರುವಾಗಿರಬೇಕು. ದಾವಲ್‌ಸಾಬ ಏನೋ ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಹಿಂದಕ್ಕೆ ಒರಗಿದ. ಕಣ್ಣು ಮುಚ್ಚಿದ. ಗಡ್ಡದೊಳಗೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಪಕ್ಕದಲ್ಲಿ ಇರುವುದು ಅವನಿಗೆ ಮರೆತುಹೋಗಿತ್ತು. ಹಾಗೆ ಮರೆಯಲಿ ಎಂದೇ ಅವನನ್ನು ಕರೆದುಕೊಂಡು ಬಂದದ್ದು. ಆದರೂ ಹೊಟ್ಟೆಕಿಚ್ಚಾಯಿತು. ಮುನ್ನೂರು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಕುಳಿತಿರಲಿಲ್ಲ.

ಆಗ ಅವನ ಎಡಗೈ ಮಡಿಲಿನಿಂದ ಎದ್ದಿತು. ಕಣ್ಣು ಮುಚ್ಚಿಯೇ ಇತ್ತು. ಕೈ ಕುರ್ಚಿಯ ತೋಳಿನ ಮೇಲೆ ಬಂದು, ಕಿರುಬೆರಳು ಸ್ವಲ್ಪ ಎತ್ತಿಕೊಂಡು, ನನ್ನ ಕಡೆ ತಡಕಾಡುತ್ತ ಬಂತು. ಮೂವತ್ತು ವರ್ಷ ಕತ್ತಲಲ್ಲಿ ಹೀಗೆಯೇ ಬರುತ್ತಿತ್ತು. ನನ್ನ ಬೆರಳಿಗೂ ಅವನ ಬೆರಳಿಗೂ ಒಂದು ಗೇಣು ಅಂತರವೂ ಇರಲಿಲ್ಲ.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಭಾರ ಹಾಕಿ ಕುಳಿತೆ. ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.